ಗುಳಿಗೆಯ ಮೊದಲ ಹದಿನೈದು ದಿನ

ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ ಕಲ್ಲಿದ್ದಲು ಸಾಗಿಸುವ ಬೆಲ್ಟಿನ ಹತ್ತಿರ ಗುತ್ತಿಗೆ ಕೆಲಸ ಮಾಡುವ, ನಲವತ್ತು ದಾಟಿದ ಒಬ್ಬರನ್ನು ಊಹಿಸಿಕೊಳ್ಳಿ. ನಾಲ್ಕೈದು ತಿಂಗಳಿಂದ ಅವರಿಗೆ ಬೆಳಗಿನ ಜಾವ ಮೂರಕ್ಕೇ ಎಚ್ಚರ. ರೊಟ್ಟಿ ಗಂಟಲಲ್ಲಿ ಇಳಿಯದು. ಮಕ್ಕಳು ಮಾತಾಡಿಸಿದರೂ ಬೇಡ, ಪಾಳಿಗೆ ಹೊರಡಬೇಕೆಂದರೆ ಕಾಲೇ ಏಳದು. "ಜೀವಕ್ಕ ಬ್ಯಾಸರ ಆಗ್ಯಾದ" ಎಂದು ಎರಡು ಸಲ ಹೇಳಿದ್ದನ್ನು ಕೇಳಿ ಹೆದರಿದ ಹೆಂಡತಿ ಅವರನ್ನು ರಾಯಚೂರಿಗೆ, ರಿಮ್ಸ್ ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ವೈದ್ಯರು ಇದು ಖಿನ್ನತೆ ಎಂದು ಹೇಳಿ ಎಸಿಟಾಲೊಪ್ರಾಮ್ ಬರೆದುಕೊಡುತ್ತಾರೆ. ಹದಿನೈದು ದಿನ ಬಿಟ್ಟು ಬನ್ನಿ ಎನ್ನುತ್ತಾರೆ.

ಮೂರನೆಯ ದಿನ ಬೆಳಿಗ್ಗೆ ಎದ್ದವರು ಹೇಳುವ ಮಾತು ಇದು: "ಹೊಟ್ಟ್ಯಾಗ ತೊಳಸಿದಂಗ ಆಗ್ತದ, ತಲಿ ಭಾರ, ಎದಿ ಡವಡವ ಅಂತದ. ಈ ಗುಳಿಗಿ ನನಗ ಆಗಂಗಿಲ್ಲ ಬಿಡು." ಪಕ್ಕದ ಮನೆಯವರು, ಇಂಥ ಗುಳಿಗೆ ಬಹಳ ಹೀಟು, ಒಮ್ಮೆ ಹಿಡಿದರೆ ಜೀವನಪೂರ್ತಿ ಬಿಡುವುದಿಲ್ಲ ಎನ್ನುತ್ತಾರೆ. ಮೂರು ಗುಳಿಗೆ ಖಾಲಿಯಾದ ಪಟ್ಟಿ ಗೋಡೆಯ ಗೂಡು ಸೇರುತ್ತದೆ. ಹದಿನೈದನೆಯ ದಿನ ರಾಯಚೂರಿನ ಬಸ್ಸು ಹತ್ತಲು ಯಾರಿಗೂ ಮನಸ್ಸಿಲ್ಲ.

ಗುಳಿಗೆ ನುಂಗಿದವರು ಹೇಳಿದ ತೊಂದರೆಗಳಲ್ಲಿ ಸುಳ್ಳು ಒಂದೂ ಇಲ್ಲ. ಹೊಟ್ಟೆ ತೊಳಸಿದ್ದು ನಿಜ, ಎದೆ ಬಡಿದುಕೊಂಡಿದ್ದೂ ನಿಜ. ಅದು ಮೊದಲೇ ಬರುತ್ತದೆ, ಬಹುಪಾಲು ಒಂದೆರಡು ವಾರದಲ್ಲಿ ಇಳಿಯುತ್ತದೆ, ಮನಸ್ಸಿನ ಹಗುರ ಅದರ ಹಿಂದಿನಿಂದ ನಿಧಾನವಾಗಿ ಬರುತ್ತದೆ ಎಂಬುದನ್ನು ಯಾರೂ ಅವರಿಗೆ ಕೂರಿಸಿ ಹೇಳಿರಲಿಲ್ಲ, ಅಷ್ಟೇ. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ಖಿನ್ನತೆ ಇರುವ ನೂರು ಜನರಲ್ಲಿ ಸುಮಾರು 85 ಮಂದಿ ಚಿಕಿತ್ಸೆಯಿಂದ ಹೊರಗೇ ಉಳಿದಿದ್ದಾರೆ. ಚಿಕಿತ್ಸೆಯ ಬಾಗಿಲಿಗೆ ಬಂದ ಉಳಿದ ಕೆಲವರನ್ನೂ ಮೂರನೆಯ ದಿನವೇ ಕಳೆದುಕೊಳ್ಳುವುದು ನನಗೆ ಬಹಳ ದೊಡ್ಡ ನಷ್ಟವಾಗಿ ಕಾಣುತ್ತದೆ. ಬಾಗಿಲವರೆಗೆ ಬರಲು ಆ ಮನೆಯವರು ಎಷ್ಟು ಧೈರ್ಯ ಕೂಡಿಸಿಕೊಂಡಿರುತ್ತಾರೆ!

ಮನಸ್ಸಿಗೆ ಕೊಟ್ಟ ಗುಳಿಗೆ ಹೊಟ್ಟೆಯನ್ನೇಕೆ ಕೆಡಿಸುತ್ತದೆ? ಉತ್ತರ ಸಿರೊಟೋನಿನ್ ಎಂಬ ರಾಸಾಯನಿಕದ ಚರಿತ್ರೆಯಲ್ಲೇ ಇದೆ. ಇಟಲಿಯ ವಿಜ್ಞಾನಿ ವಿಟ್ಟೋರಿಯೊ ಎರ್ಸ್ಪಾಮರ್ 1930ರ ದಶಕದಲ್ಲಿ ಇದನ್ನು ಮೊದಲು ಕಂಡಿದ್ದು ಕರುಳಿನ ಒಳಪದರದಲ್ಲಿ. 1948ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ಬೇರೊಂದು ತಂಡ ರಕ್ತದಿಂದ ಇದನ್ನೇ ಬೇರ್ಪಡಿಸಿ ಸಿರೊಟೋನಿನ್ ಎಂದು ಹೆಸರಿಟ್ಟಿತು. ಎರಡೂ ಒಂದೇ ವಸ್ತುವೆಂದು ತಿಳಿದದ್ದು ಆಮೇಲೆ. ಮಿದುಳಿನಲ್ಲಿ ಅದು ಸಿಕ್ಕಿದ್ದು ಅದಕ್ಕಿಂತಲೂ ತಡವಾಗಿ. ಇವತ್ತಿಗೂ ನಮ್ಮ ದೇಹದ ಸಿರೊಟೋನಿನ್‌ನಲ್ಲಿ ನೂರಕ್ಕೆ ತೊಂಬತ್ತರಷ್ಟು ಇರುವುದು ಹೊಟ್ಟೆ, ಕರುಳುಗಳಲ್ಲಿ. ಅಲ್ಲಿ ಅದರ ಕೆಲಸ ಕರುಳು ಚಲಿಸುವಂತೆ ಮಾಡುವುದು, ಮತ್ತು ತಿಂದದ್ದರಲ್ಲಿ ಕೆಟ್ಟದ್ದೇನಾದರೂ ಇದ್ದರೆ ವೇಗಸ್ ನರದ ಮೂಲಕ ಮಿದುಳಿಗೆ ಸುದ್ದಿ ಮುಟ್ಟಿಸಿ ವಾಕರಿಕೆ ತರಿಸುವುದು.

ಎಸಿಟಾಲೊಪ್ರಾಮ್, ಸರ್ಟ್ರಾಲಿನ್, ಫ್ಲುಯೋಕ್ಸೆಟಿನ್ ಇವೆಲ್ಲ ಒಂದೇ ಗುಂಪಿನ ಔಷಧಿಗಳು. ನರಕೋಶ ಹೊರಬಿಟ್ಟ ಸಿರೊಟೋನಿನ್ ಅನ್ನು ಅದೇ ಕೋಶ ವಾಪಸು ಹೀರಿಕೊಳ್ಳದಂತೆ ಇವು ತಡೆಯುತ್ತವೆ. ಮಿದುಳಿನಲ್ಲಿ ಮಾತ್ರ ತಡೆ, ಕರುಳಿನಲ್ಲಿ ಬೇಡ ಎಂದು ಗುಳಿಗೆಗೆ ಹೇಳಲು ಬರುವುದಿಲ್ಲ. ಮೊದಲ ಗುಳಿಗೆಗೇ ಕರುಳಿನ ಸಿರೊಟೋನಿನ್ ಏರುತ್ತದೆ. ಕರುಳು ಕೆಟ್ಟದ್ದೇನೋ ಒಳಬಂದಿದೆ ಎಂದು ತಪ್ಪಾಗಿ ಸುದ್ದಿ ಕಳಿಸುತ್ತದೆ. ಕೆಲವರಿಗೆ ವಾಕರಿಕೆ, ಕೆಲವರಿಗೆ ಭೇದಿ. ಸರ್ಟ್ರಾಲಿನ್‌ನಲ್ಲಿ ಭೇದಿ ತುಸು ಹೆಚ್ಚು. ದಿನ ಕಳೆದಂತೆ ಸಿರೊಟೋನಿನ್ ಅನ್ನು ಗುರುತಿಸುವ ಕರುಳಿನ ಗ್ರಾಹಿಗಳು ಈ ಹೊಸ ಮಟ್ಟಕ್ಕೆ ಒಗ್ಗಿಕೊಳ್ಳುತ್ತವೆ, ಸುದ್ದಿ ನಿಲ್ಲುತ್ತದೆ.

ಹಾಗಾದರೆ ಮನಸ್ಸಿಗೆ ಅದೇ ದಿನ ಏಕೆ ಹಗುರ ಇಲ್ಲ? ತುಂಗಭದ್ರಾ ಎಡದಂಡೆ ಕಾಲುವೆಗೆ ಮುನಿರಾಬಾದಿನಲ್ಲಿ ನೀರು ಬಿಟ್ಟ ದಿನವೇ ಮಾನ್ವಿ ಸೀಮೆಯ ಕೊನೆಯ ಹೊಲಕ್ಕೆ ನೀರು ಬರುವುದಿಲ್ಲ ಎಂಬುದನ್ನು ಇಲ್ಲಿಯ ರೈತರಿಗೆ ಯಾರೂ ವಿವರಿಸಬೇಕಿಲ್ಲ. ಮಿದುಳಿನಲ್ಲೂ ಮೇಲುಗಡೆ ಗೇಟುಗಳಿವೆ. ಸಿರೊಟೋನಿನ್ ಹರಿಸುವ ನರಕೋಶಗಳು ಮಿದುಳಿನ ಬುಡದಲ್ಲಿ ಗುಂಪಾಗಿವೆ. ಅವುಗಳ ಮೈಮೇಲೇ ಅಳತೆ ನೋಡುವ ಗ್ರಾಹಿಗಳಿವೆ. ಸಿರೊಟೋನಿನ್ ಹೆಚ್ಚಾದ ಕೂಡಲೇ ಅವು, ಸಾಕು ಎಂದು ಹರಿವನ್ನು ತಗ್ಗಿಸುತ್ತವೆ. ಎರಡು ಮೂರು ವಾರ ಹೆಚ್ಚಿನ ಮಟ್ಟದಲ್ಲೇ ಇದ್ದ ಮೇಲೆ ಆ ಗ್ರಾಹಿಗಳ ಬಿಗಿ ಸಡಿಲುತ್ತದೆ, ಆಗ ದೂರದ ಭಾಗಗಳಿಗೆ ಸಿರೊಟೋನಿನ್ ಸರಿಯಾಗಿ ತಲುಪತೊಡಗುತ್ತದೆ. ಆಮೇಲೂ ನರಕೋಶಗಳ ನಡುವಿನ ಸಂಪರ್ಕಗಳು ನಿಧಾನವಾಗಿ ಮರುಹೊಂದಿಕೆಯಾಗಬೇಕು. ಇದು ಪೂರ್ತಿ ವಿವರಣೆಯೆಂದು ವಿಜ್ಞಾನಿಗಳು ಹೇಳುವುದಿಲ್ಲ. ಸಿರೊಟೋನಿನ್ ಕಡಿಮೆಯಾದದ್ದೇ ಖಿನ್ನತೆ ಎಂಬ ಹಳೆಯ ಸರಳ ಮಾತನ್ನಂತೂ ಈಗ ಬಹುತೇಕ ಕೈಬಿಟ್ಟಿದ್ದಾರೆ. ಆದರೆ ತೊಂದರೆ ಮೊದಲು, ಫಲ ಆಮೇಲೆ ಎಂಬ ಈ ಅನುಕ್ರಮವನ್ನು ವೈದ್ಯರು 1950ರ ದಶಕದಿಂದಲೂ ನೋಡುತ್ತ ಬಂದಿದ್ದಾರೆ.

ಆ ದಶಕದ ಒಂದು ಪ್ರಸಂಗ ಇಲ್ಲಿ ಹೇಳಲೇಬೇಕು. 1952ರಲ್ಲಿ ನ್ಯೂಯಾರ್ಕಿನ ಸ್ಟೇಟನ್ ಐಲೆಂಡ್‌ನ ಸೀ ವ್ಯೂ ಆಸ್ಪತ್ರೆಯಲ್ಲಿ ಕ್ಷಯ ರೋಗಿಗಳಿಗೆ ಇಪ್ರೊನಯಜಿಡ್ ಎಂಬ ಹೊಸ ಔಷಧಿ ಕೊಟ್ಟು ನೋಡಿದರು. ಹಾಸಿಗೆ ಹಿಡಿದಿದ್ದವರು ಎದ್ದು ಓಡಾಡಿದರು, ನಕ್ಕರು, ಮತ್ತಷ್ಟು ಊಟ ಕೇಳಿದರು. ಕ್ಷಯದ ಔಷಧಿಯ ಅಡ್ಡಪರಿಣಾಮವಾಗಿ ಕಂಡ ಆ ಉಲ್ಲಾಸವೇ ಖಿನ್ನತೆಯ ಮೊದಲ ಔಷಧಿಯಾಯಿತು. 1957ರಲ್ಲಿ ಸ್ವಿಟ್ಜರ್ಲೆಂಡಿನ ರೋಲಾಂಡ್ ಕುನ್ ಇಮಿಪ್ರಮಿನ್ ಎಂಬ ಖಿನ್ನತೆಯ ಮತ್ತೊಂದು ಔಷಧಿಯ ಬಗ್ಗೆ ಬರೆದರು. ಅದರ ಬಳಗದ ಅಮಿಟ್ರಿಪ್ಟಿಲಿನ್ ಇವತ್ತಿಗೂ ನಮ್ಮ ಸರ್ಕಾರಿ ಆಸ್ಪತ್ರೆಗಳ ಔಷಧಿ ಕೊಠಡಿಯಲ್ಲಿದೆ, ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲೂ ಇದೆ.

ಇನ್ನು ಮನೆಯ ಮಾತಿಗೆ ಬರೋಣ. ವಾಕರಿಕೆಗೆ ಮೊದಲ ಮದ್ದು ಊಟ. ಬೆಳಿಗ್ಗೆ ಎದ್ದು ಬರೀ ಹೊಟ್ಟೆಯಲ್ಲಿ ಚಹಾದ ಜೊತೆ ಗುಳಿಗೆ ನುಂಗುವುದು ನಮ್ಮಲ್ಲಿ ಬಹಳ ಜನರ ರೂಢಿ. ಈ ಗುಳಿಗೆಗೆ ಅದು ಸರಿಹೊಂದದು. ಅರ್ಧ ರೊಟ್ಟಿಯಾದರೂ ಹೊಟ್ಟೆ ಸೇರಿದ ಮೇಲೆ ತೆಗೆದುಕೊಳ್ಳಬೇಕು. ಮೊದಲ ವಾರ ಮಿರ್ಚಿ ಭಜ್ಜಿ, ಕೆಂಪು ಖಾರದ ಚಟ್ನಿ ಬದಿಗಿಟ್ಟು ನುಚ್ಚು ಮಜ್ಜಿಗೆ, ಮೊಸರನ್ನದಂಥ ತಣ್ಣನೆಯ ಊಟ ಸ್ವಲ್ಪಸ್ವಲ್ಪವೇ ಮಾಡಿದರೆ ಹೊಟ್ಟೆ ಒಪ್ಪುತ್ತದೆ. ಅಷ್ಟಾದರೂ ತಡೆಯಲಾಗದಿದ್ದರೆ ವೈದ್ಯರು ಅರ್ಧ ಗುಳಿಗೆಯಿಂದ ಶುರುಮಾಡಿಸಿ, ವಾರದ ನಂತರ ಪೂರ್ತಿ ಮಾಡಬಲ್ಲರು. ಅರ್ಧ ಮಾಡಲೇ ಎಂದು ಕೇಳಲು ಸಂಕೋಚ ಬೇಡ. ಕೇಳದೆ ನಿಲ್ಲಿಸುವುದಕ್ಕಿಂತ ಕೇಳಿ ಅರ್ಧ ಮಾಡುವುದು ಎಷ್ಟೋ ಮೇಲು.

ಎದೆ ಡವಡವ, ಕೈನಡುಕ, ಒಳಗೊಳಗೇ ಗಾಬರಿ ಇವೂ ಮೊದಲ ವಾರದವೇ. ಮೊದಲೇ ಗಾಬರಿಯ ಸ್ವಭಾವ ಇದ್ದವರಿಗೆ ಇದು ಹೆಚ್ಚು ಕಾಣುತ್ತದೆ. ರೋಗವೇ ಹೆಚ್ಚಾಯಿತು ಎಂದು ಅವರು ತಿಳಿಯುವುದು ಸಹಜ. ಪಾಳಿಯ ನಡುವೆ ನಾಲ್ಕಾರು ಸಲ ಚಹಾ ಕುಡಿಯುವವರು ಆ ದಿನಗಳಲ್ಲಿ ಒಂದೆರಡಕ್ಕೆ ಇಳಿಸಬೇಕು, ಏಕೆಂದರೆ ಚಹಾದಲ್ಲಿರುವ ಕೆಫೀನ್ ಆ ನಡುಕವನ್ನು ಏರಿಸುತ್ತದೆ.

ನಿದ್ದೆಯ ವಿಷಯ ಶಕ್ತಿನಗರದಲ್ಲಿ ಬೇರೆ ಊರುಗಳಿಗಿಂತ ಜಟಿಲ. 1985ರಲ್ಲಿ ಮೊದಲ ಘಟಕ ಶುರುವಾಗಿ, 2010ರ ಹೊತ್ತಿಗೆ ಎಂಟು ಘಟಕಗಳಾಗಿ 1,720 ಮೆಗಾವ್ಯಾಟ್ ತಲುಪಿದ ಇಲ್ಲಿಯ ವಿದ್ಯುತ್ ಕೇಂದ್ರದ ಕೆಲಸ ಪಾಳಿಯ ಮೇಲೆ ನಡೆಯುತ್ತದೆ. ಈ ಪಾಳಿ ರಾತ್ರಿಯಾದರೆ ಮುಂದಿನದು ಹಗಲು. ಫ್ಲುಯೋಕ್ಸೆಟಿನ್ ಹಲವರ ನಿದ್ದೆ ಕೆಡಿಸುತ್ತದೆ, ಅದನ್ನು ಎದ್ದ ಮೇಲೆ ತೆಗೆದುಕೊಳ್ಳಬೇಕು. ಖಿನ್ನತೆಗೇ ಕೊಡುವ ಮಿರ್ಟಜಪಿನ್, ಅಮಿಟ್ರಿಪ್ಟಿಲಿನ್ ತೂಕಡಿಕೆ ತರುತ್ತವೆ, ಅವನ್ನು ಮಲಗುವ ಮುಂಚೆ ತೆಗೆದುಕೊಳ್ಳಬೇಕು. ಚೀಟಿಯಲ್ಲಿ ಬರೆದ ಬೆಳಿಗ್ಗೆ, ರಾತ್ರಿ ಎಂಬುದು ಹಗಲು ದುಡಿದು ರಾತ್ರಿ ಮಲಗುವವರ ಲೆಕ್ಕ. ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಮಲಗುವವರಿಗೆ ಆ ಲೆಕ್ಕ ಉಲ್ಟಾ ಆಗುತ್ತದೆ. ಹೀಗಾಗಿ ತಮ್ಮ ಪಾಳಿಯ ಪಟ್ಟಿಯನ್ನೇ ವೈದ್ಯರ ಮುಂದಿಟ್ಟು ಗುಳಿಗೆಯ ಹೊತ್ತು ಗೊತ್ತುಮಾಡಿಕೊಳ್ಳುವುದು ಒಳ್ಳೆಯದು. ಓಡುವ ಬೆಲ್ಟಿನ ಪಕ್ಕ, ಬಾಯ್ಲರಿನ ಎತ್ತರದ ಮೆಟ್ಟಿಲ ಮೇಲೆ, ಕಲ್ಲಿದ್ದಲ ಟಿಪ್ಪರಿನ ಸ್ಟಿಯರಿಂಗ್ ಹಿಂದೆ ಕೆಲಸ ಮಾಡುವವರು ವಾರದ ರಜೆಯ ಹಿಂದಿನ ರಾತ್ರಿ ಮೊದಲ ಗುಳಿಗೆ ಶುರುಮಾಡುವುದು ಕ್ಷೇಮ. ತೂಕಡಿಕೆ ಎಷ್ಟು ಬರುತ್ತದೆ ಎಂದು ಮನೆಯಲ್ಲೇ ಗೊತ್ತಾಗುತ್ತದೆ.

ರಾಯಚೂರಿನ ಬಿಸಿಲು ಈ ಅಧ್ಯಾಯದಲ್ಲಿ ಬರಲೇಬೇಕಾದ ಇನ್ನೊಂದು ವಿಷಯ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ವಿಶೇಷವೇನಲ್ಲ. ಗುಳಿಗೆ ಹೀಟು ಎನ್ನುವ ನೆರೆಮನೆಯವರ ಮಾತನ್ನು ನಾನು ತಳ್ಳಿಹಾಕುವುದಿಲ್ಲ, ಅದರಲ್ಲಿ ಹುಡುಕಿದರೆ ಸತ್ಯದ ಒಂದು ತುಣುಕು ಇದೆ. ಅಮಿಟ್ರಿಪ್ಟಿಲಿನ್ ಬೆವರನ್ನು ತಗ್ಗಿಸುತ್ತದೆ. ಬೆವರಿಲ್ಲದೆ ಮೈ ತಂಪಾಗುವುದು ಕಷ್ಟ, ಸುಡುಬಿಸಿಲಲ್ಲಿ ಹೊಲದ ಕೆಲಸ ಮಾಡುವವರಿಗೆ ಬಿಸಿಲು ಬೇಗ ಬಡಿಯುತ್ತದೆ. ಬಾಯಿ ಒಣಗುವುದು, ಮಲಬದ್ಧತೆ, ಮೂತ್ರ ಕಟ್ಟುವುದು, ಕೂತವರು ತಟ್ಟನೆ ಎದ್ದರೆ ಕಣ್ಣು ಕತ್ತಲೆ ಬರುವುದು ಇವೂ ಅದರವೇ. ಎಸಿಟಾಲೊಪ್ರಾಮ್ ಗುಂಪಿನವು ಇದಕ್ಕೆ ತದ್ವಿರುದ್ಧ, ಹೆಚ್ಚು ಬೆವರಿಸುತ್ತವೆ. ಎರಡರಲ್ಲೂ ನೀರು, ಮಜ್ಜಿಗೆ ಕೈಗೆ ಸಿಗುವಂತಿರಬೇಕು. ಕಳೆ ಕೀಳಲು ಹೋಗುವವರು ನಡುಮಧ್ಯಾಹ್ನ ನೆರಳಿಗೆ ಬರಬೇಕು, ಬಗ್ಗಿದವರು ನಿಧಾನವಾಗಿ ಏಳಬೇಕು.

ವಯಸ್ಸಾದವರಲ್ಲಿ ಮಾತ್ರ ಇದಕ್ಕಿಂತ ಗಂಭೀರವಾದ ಒಂದು ತೊಂದರೆ ಬರಬಹುದು. ಎಸಿಟಾಲೊಪ್ರಾಮ್ ಗುಂಪಿನ ಔಷಧಿಗಳು ಕೆಲವರಲ್ಲಿ ದೇಹ ನೀರನ್ನು ಹಿಡಿದಿಟ್ಟುಕೊಳ್ಳುವಂತೆ ಮಾಡಿ ರಕ್ತದ ಸೋಡಿಯಂ ಇಳಿಸುತ್ತವೆ. ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಗುಳಿಗೆಯನ್ನೂ ತೆಗೆದುಕೊಳ್ಳುತ್ತಿದ್ದರೆ ಅಪಾಯ ಹೆಚ್ಚು. ಮೊದಲ ಕೆಲವು ವಾರಗಳಲ್ಲಿ ಅಜ್ಜ ಅಥವಾ ಅಜ್ಜಿ ಹೊತ್ತು ಗೊತ್ತು ಮರೆತು ಮಾತಾಡತೊಡಗಿದರೆ, ನಡೆಯುವಾಗ ತೂರಾಡಿದರೆ, ವಯಸ್ಸಾಯಿತು ಎಂದು ಸುಮ್ಮನಿರಬೇಡಿ. ಒಂದು ರಕ್ತಪರೀಕ್ಷೆ ಸಾಕು, ಕಾರಣ ಗೊತ್ತಾಗುತ್ತದೆ.

ದೇವದುರ್ಗ, ಮಾನ್ವಿ ಕಡೆಯ ಹೊಲಗಳಲ್ಲಿ ಹತ್ತಿ ಬಿಡಿಸುವವರು, ಭತ್ತ ನಾಟಿ ಮಾಡುವವರು ಸಂಜೆ ಮೈಕೈ ನೋವಿಗೆ ಔಷಧಿ ಅಂಗಡಿಯಿಂದ ಗುಳಿಗೆ ತಂದು ನುಂಗುವುದು ದಿನನಿತ್ಯದ ಸಂಗತಿ. ಡೈಕ್ಲೊಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆಗಳು ಎಸಿಟಾಲೊಪ್ರಾಮ್ ಗುಂಪಿನ ಔಷಧಿಗಳ ಜೊತೆ ಸೇರಿದರೆ ಹೊಟ್ಟೆಯಲ್ಲಿ ರಕ್ತಸ್ರಾವದ ಸಾಧ್ಯತೆ ಏರುತ್ತದೆ. ರಕ್ತದ ಕಣಗಳು ಗಾಯ ಮುಚ್ಚಲು ಸಿರೊಟೋನಿನ್ ಬಳಸುತ್ತವೆ, ಗುಳಿಗೆ ಅವಕ್ಕೂ ಅದನ್ನು ಸಿಗಗೊಡುವುದಿಲ್ಲ. ಮಲ ಟಾರಿನಂತೆ ಕಪ್ಪಗಾದರೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಟ್ರಮಡಾಲ್ ಎಂಬ ನೋವಿನ ಔಷಧಿ ಇನ್ನೂ ಅಪಾಯದ್ದು, ಅದು ಸಿರೊಟೋನಿನ್ ಅನ್ನು ಮತ್ತಷ್ಟು ಏರಿಸಿ ಜ್ವರ, ನಡುಕ, ಸ್ನಾಯು ಸೆಟೆತ, ಗೊಂದಲ ತರಬಲ್ಲದು. ನೋವಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ ಸುರಕ್ಷಿತ. ಇನ್ನು ಸೇಂದಿ. ಸಿ.ಎಚ್. ಪೌಡರ್ ಬೆರೆಸಿದ ಸೇಂದಿ ರಾಯಚೂರು ಸೀಮೆಯ ಹಳೆಯ ಪಿಡುಗು. ಆ ಪುಡಿ ತಾನೇ ಮತ್ತು ತರಿಸುವ ರಾಸಾಯನಿಕ. ತೂಕಡಿಕೆ ತರುವ ಗುಳಿಗೆಯ ಮೇಲೆ ಅದನ್ನು ಕುಡಿದರೆ ಉಸಿರೇ ನಿಧಾನವಾಗುವ ಅಪಾಯವಿದೆ. ಕುಡಿಯುವ ಚಟ ಇದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ಒಮ್ಮೆಲೇ ಕುಡಿತ ನಿಲ್ಲಿಸಿದರೂ ಬೇರೆ ತೊಂದರೆಗಳಿವೆ, ಅದಕ್ಕೂ ಅವರಲ್ಲಿ ಔಷಧಿ ಇದೆ.

ಗಂಡಹೆಂಡಿರ ನಡುವಿನ ವಿಷಯವನ್ನು ಚೀಟಿ ಬರೆಯುವವರೂ ಹೇಳುವುದಿಲ್ಲ, ಚೀಟಿ ಪಡೆದವರೂ ಕೇಳುವುದಿಲ್ಲ. ಕಾಮಾಸಕ್ತಿ ಕುಗ್ಗುವುದು, ತೃಪ್ತಿ ತಡವಾಗುವುದು ಎಸಿಟಾಲೊಪ್ರಾಮ್ ಗುಂಪಿನ ಔಷಧಿಗಳಲ್ಲಿ ಗಂಡಸರಿಗೂ ಹೆಂಗಸರಿಗೂ ಸಾಮಾನ್ಯ. ವಾಕರಿಕೆಯಂತೆ ಇದು ಹದಿನೈದು ದಿನದಲ್ಲಿ ತಾನಾಗಿ ಹೋಗುವಂಥದ್ದಲ್ಲ. ಎಷ್ಟೋ ಜನ ಕಾರಣ ಹೇಳದೆ ಗುಳಿಗೆ ಬಿಡುವುದು ಇದಕ್ಕೇ. ಪ್ರಮಾಣ ಇಳಿಸಬಹುದು, ಈ ತೊಂದರೆ ಕಡಿಮೆ ಇರುವ ಬೇರೆ ಔಷಧಿಗೆ ಬದಲಾಯಿಸಬಹುದು. ಬಾಯಿಬಿಟ್ಟು ಹೇಳಿದರೆ ಮಾತ್ರ ಅದು ಸಾಧ್ಯ.

ಕಾಯದೆ, ತಡಮಾಡದೆ ವೈದ್ಯರನ್ನು ಕಾಣಬೇಕಾದ ಇನ್ನೂ ಎರಡು ಸಂದರ್ಭಗಳನ್ನು ಮನೆಯವರು ಬಾಯಿಪಾಠ ಮಾಡಿಟ್ಟುಕೊಳ್ಳಬೇಕು. ಮೊದಲನೆಯದು ತಡೆಯಲಾಗದ ಚಡಪಡಿಕೆ. ಕೂತಲ್ಲಿ ಕೂರಲಾಗದೆ, ನಿಂತಲ್ಲಿ ನಿಲ್ಲಲಾಗದೆ ಅಂಗಳದಲ್ಲಿ ಹಿಂದೆ ಮುಂದೆ ಓಡಾಡುವುದು, ಸಿಡಿಮಿಡಿ, ಅದರ ಜೊತೆ ಬದುಕು ಬೇಡವೆಂಬ ಮಾತು. ವಯಸ್ಸಿನಲ್ಲಿ ಚಿಕ್ಕವರಲ್ಲಿ ಇದರ ಮೇಲೆ ಹೆಚ್ಚು ಕಣ್ಣಿಡಬೇಕು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2004ರಲ್ಲಿ ಮಕ್ಕಳು ಮತ್ತು ಹದಿಹರೆಯದವರ ಬಗ್ಗೆ ಈ ಎಚ್ಚರಿಕೆಯನ್ನು ಔಷಧಿಯ ಮಾಹಿತಿ ಪತ್ರದಲ್ಲಿ ಕಪ್ಪು ಚೌಕಟ್ಟಿನೊಳಗೆ ಬರೆಸಿತು, 2007ರಲ್ಲಿ ಅದನ್ನು 24 ವರ್ಷದವರೆಗೆ ವಿಸ್ತರಿಸಿತು. ಇಂಥ ಲಕ್ಷಣ ಕಂಡವರನ್ನು ಒಂಟಿಯಾಗಿ ಬಿಡಬೇಡಿ. ಹೊಲದ ಔಷಧಿಗಳನ್ನು ಮನೆಯಲ್ಲಿಡದೆ ಬೇರೆಯವರ ಹತ್ತಿರ ಬೀಗದಲ್ಲಿಡಿ, ಗುಳಿಗೆಯ ಪಟ್ಟಿಯೂ ಮನೆಯವರ ಕೈಯಲ್ಲಿರಲಿ. ಬದುಕು ಬೇಡವೆನ್ನಿಸುತ್ತಿದೆಯೇ ಎಂದು ನೇರವಾಗಿ ಕೇಳಿ, ಕೇಳಿದರೆ ಅಂಥ ಯೋಚನೆ ತಲೆಗೆ ಹೊಕ್ಕೀತೆಂಬ ಭಯ ಬೇಡ. 14416ಕ್ಕೆ ಕರೆ ಮಾಡಿದರೆ ಟೆಲಿ ಮಾನಸ್ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಿಂದ ಅದು ಹಗಲು ರಾತ್ರಿ ಇದೆ, ಹಣ ಕೊಡಬೇಕಿಲ್ಲ.

ಎರಡನೆಯದು ಇನ್ನೂ ಮೋಸಗೊಳಿಸುವಂಥದ್ದು, ಏಕೆಂದರೆ ಅದು ಗುಣವಾದಂತೆಯೇ ಕಾಣುತ್ತದೆ. ಮೂರೇ ದಿನದಲ್ಲಿ ಮನುಷ್ಯ ಪೂರ್ತಿ ಚುರುಕು. ಎರಡು ತಾಸು ನಿದ್ದೆ ಸಾಕು, ಮಾತು ನಿಲ್ಲದು, ಸಾಲ ತಂದು ಟ್ರ್ಯಾಕ್ಟರ್ ಕೊಳ್ಳುವ ಯೋಜನೆ. ಮನೆಯವರು ದೇವಸೂಗೂರಿನ ಸೂಗೂರೇಶ್ವರನಿಗೆ ಕಾಯಿ ಒಡೆಸಿ ಬರುತ್ತಾರೆ. ಆದರೆ ಖಿನ್ನತೆ ಅಷ್ಟು ಬೇಗ, ಅಷ್ಟು ಎತ್ತರಕ್ಕೆ ಹಾರಿ ಗುಣವಾಗುವುದಿಲ್ಲ. ಖಿನ್ನತೆ, ಅತಿ ಉತ್ಸಾಹ ಎರಡೂ ಸರದಿಯಲ್ಲಿ ಬರುವ ಬೇರೆ ಕಾಯಿಲೆ ಒಳಗಿದ್ದು, ಗುಳಿಗೆ ಅದನ್ನು ಹೊರಗೆಳೆದಿರಬಹುದು. ಅದರ ಚಿಕಿತ್ಸೆಯೇ ಬೇರೆ.

ಇಷ್ಟೆಲ್ಲ ಹೇಳಿದರೆ ಜನ ಹೆದರಿ ಗುಳಿಗೆಯನ್ನೇ ಮುಟ್ಟುವುದಿಲ್ಲ ಎಂದು ವಾದಿಸುವವರಿದ್ದಾರೆ. ಅದರಲ್ಲಿ ಹುರುಳಿದೆ. ಔಷಧಿ ಪರೀಕ್ಷೆಗಳಲ್ಲಿ ಬರೀ ಪಿಷ್ಟದ ಗುಳಿಗೆ ನುಂಗಿದವರೂ ವಾಕರಿಕೆ, ತಲೆನೋವು ಎಂದು ಹೇಳುತ್ತಾರೆ. ನಿರೀಕ್ಷೆಗೂ ಹೊಟ್ಟೆ ತೊಳಸುವ ಶಕ್ತಿ ಇದೆ. ಆದರೂ ಹೇಳದೆ ಕಳಿಸುವುದನ್ನು ನಾನು ಒಪ್ಪಲಾರೆ. ಏನಾಗುತ್ತದೆ ಎಂಬುದರ ಜೊತೆಗೆ ಎಷ್ಟು ದಿನ ಇರುತ್ತದೆ, ಆಗ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು ಎಂಬುದನ್ನೂ ಹೇಳಿದರೆ ಆ ಮಾತು ಹೆದರಿಸುವುದಿಲ್ಲ. ಹೇಳುವಾಗ ಹೆಂಡತಿ ಅಥವಾ ತಾಯಿ ಪಕ್ಕದಲ್ಲಿರಬೇಕು, ಖಿನ್ನತೆಯಲ್ಲಿರುವವರ ತಲೆಗೆ ಎಲ್ಲ ಮಾತೂ ಹೋಗುವುದಿಲ್ಲ.

ಇದಕ್ಕೆ ನಾವು ಹೊಸದಾಗಿ ಏನನ್ನೂ ಕಂಡುಹಿಡಿಯಬೇಕಿಲ್ಲ. 1985ರಿಂದ ಐದು ವರ್ಷ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ ನಿಮ್ಹಾನ್ಸ್ ಒಂದು ಪ್ರಯೋಗ ನಡೆಸಿತು. ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ಮಾನಸಿಕ ಕಾಯಿಲೆ ಗುರುತಿಸುವ, ಔಷಧಿ ಕೊಡುವ, ರೋಗಿ ಚಿಕಿತ್ಸೆ ಬಿಡದಂತೆ ನೋಡಿಕೊಳ್ಳುವ ತರಬೇತಿ ಕೊಟ್ಟಿತು. ಆ ಬಳ್ಳಾರಿ ಮಾದರಿಯನ್ನೇ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವೆಂದು ದೇಶಕ್ಕೆ ವಿಸ್ತರಿಸಲಾಯಿತು. ಈಗ ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ವ್ಯವಸ್ಥೆ ರೂಪಿಸಲಾಗಿದೆ. ದೇವದುರ್ಗದವರು, ಮಾನ್ವಿಯವರು ಎರಡನೆಯ ಭೇಟಿಗೆ ರಾಯಚೂರಿನವರೆಗೆ ಹೋಗುವ ಮುಂಚೆ ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಆ ದಿನವನ್ನು ವಿಚಾರಿಸಬೇಕು. ನನ್ನ ಒತ್ತಾಯ ಇನ್ನೂ ಚಿಕ್ಕದು. ಗುಳಿಗೆ ಶುರುವಾದ ನಾಲ್ಕನೆಯ ದಿನ ಆಶಾ ಕಾರ್ಯಕರ್ತೆಯೋ ಆಸ್ಪತ್ರೆಯ ನರ್ಸೋ ಆ ಮನೆಗೆ ಒಂದು ಫೋನ್ ಮಾಡಿ, "ಹ್ಯಾಂಗದಾರ್ರೀ? ಗುಳಿಗಿ ತಗೊಳ್ಳಿಕತ್ತಾರೇನು?" ಎಂದು ಕೇಳುವಂತಾಗಬೇಕು.

ಎರಡನೆಯ ವಾರದ ಕೊನೆಗೆ ಹೊಟ್ಟೆ ಸಾಮಾನ್ಯವಾಗಿ ತಣ್ಣಗಾಗಿರುತ್ತದೆ. ಮನಸ್ಸಿಗಿಂತ ಮೊದಲು ಸುಧಾರಿಸುವುದು ಹೆಚ್ಚಾಗಿ ನಿದ್ದೆ, ಹಸಿವು. ಅದನ್ನು ರೋಗಿಗಿಂತ ಮುಂಚೆ ಮನೆಯವರೇ ಗುರುತಿಸುತ್ತಾರೆ, "ನಿನ್ನೆ ಎರಡು ರೊಟ್ಟಿ ಉಂಡ್ರು" ಎಂದು. ನಾಲ್ಕರಿಂದ ಆರು ವಾರಕ್ಕೂ ಏನೂ ಬದಲಾವಣೆ ಕಾಣದಿದ್ದರೆ ಪ್ರಮಾಣ ಏರಿಸಬೇಕಾಗುತ್ತದೆ, ಇಲ್ಲವೇ ಬೇರೆ ಔಷಧಿ ನೋಡಬೇಕಾಗುತ್ತದೆ. 2006ರಲ್ಲಿ ಫಲಿತಾಂಶ ಹೊರಬಂದ ಅಮೆರಿಕದ ಒಂದು ದೊಡ್ಡ ಅಧ್ಯಯನದಲ್ಲಿ ಮೊದಲ ಔಷಧಿಯಿಂದಲೇ ಪೂರ್ತಿ ಚೇತರಿಸಿಕೊಂಡವರು ಮೂವರಲ್ಲಿ ಒಬ್ಬರು ಮಾತ್ರ, ಉಳಿದವರಲ್ಲಿ ಹಲವರಿಗೆ ಎರಡನೆಯದು ಹಿಡಿಯಿತು. ಗುಣ ಕಂಡವರು ಅದೇ ಪ್ರಮಾಣದಲ್ಲಿ ಕನಿಷ್ಠ ಆರು ತಿಂಗಳು ಮುಂದುವರಿಸಬೇಕು. ಆಮೇಲೆ ಬಿಡುವುದಾದರೆ ಒಮ್ಮೆಲೇ ಬಿಡದೆ, ವೈದ್ಯರ ಸಲಹೆಯಂತೆ ವಾರಗಟ್ಟಲೆ ಸಮಯ ಕೊಟ್ಟು ಇಳಿಸುತ್ತ ಬರಬೇಕು. ತಟ್ಟನೆ ನಿಲ್ಲಿಸಿದಾಗ ಬರುವ ತಲೆಸುತ್ತು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ, ಸಿಡುಕುಗಳನ್ನು ಜನ ಗುಳಿಗೆಯ ಚಟವೆಂದು ತಿಳಿಯುತ್ತಾರೆ. ಅದು ಚಟವಲ್ಲ. ಅದೇನೆಂಬುದನ್ನು ಮುಂದಿನ ಅಧ್ಯಾಯದಲ್ಲಿ ನೋಡೋಣ.